ಕಬ್ಬಿಣಾಂಶ ಕಡಿಮೆ ಇದೆಯಾ? ಮಾತ್ರೆ ನುಂಗುವ ಮೊದಲು ದೇಹದ ಲೆಕ್ಕ ತಿಳಿದುಕೊಳ್ಳಿ

ಹಿಮೋಗ್ಲೋಬಿನ್ ಕಡಿಮೆ ಬಂತು ಅಂದ ಕೂಡಲೇ ಸುತ್ತಲಿನವರೆಲ್ಲ ಹೇಳುವುದು ಒಂದೇ ಮಾತು: ಕಬ್ಬಿಣಾಂಶ ಇರುವುದನ್ನು ಜಾಸ್ತಿ ತಿನ್ನಿ. ಮಾತು ತಪ್ಪಲ್ಲ, ಆದರೆ ಅರ್ಧ ಮಾತ್ರ. ತಿಂದ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಎಷ್ಟು ಸೇರಬೇಕು ಅಂತ ತೀರ್ಮಾನಿಸುವುದು ಲಿವರ್. ಅದು ಬೇಡ ಅಂದಾಗ ಎರಡು ಮಾತ್ರೆ ಜಾಸ್ತಿ ನುಂಗಿದರೆ ಹೊಟ್ಟೆ ಕೆಡಬಹುದೇ ಹೊರತು ರಕ್ತ ಏರುವುದಿಲ್ಲ. ಆದ್ದರಿಂದ ಮೊದಲು ದೇಹದ ನಿಯಮ ತಿಳಿದುಕೊಂಡು, ಆಮೇಲೆ ರಿಪೋರ್ಟ್, ಊಟ, ಮಾತ್ರೆ ಅಂತ ಒಂದೊಂದಾಗಿ ನೋಡೋಣ.

ಹೆಜ್ಜೆ 1: ಒಟ್ಟು ಲೆಕ್ಕ ಗೊತ್ತಿರಲಿ

ಬೆಳೆದವರ ದೇಹದಲ್ಲಿರುವ ಕಬ್ಬಿಣ ಎಲ್ಲ ಸೇರಿಸಿದರೆ 3ರಿಂದ 4 ಗ್ರಾಂ. ಇದರಲ್ಲಿ ಸುಮಾರು ಮೂರನೇ ಎರಡು ಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲೇ ಇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಫೆರಿಟಿನ್ ಎಂಬ ಪ್ರೋಟೀನಿನೊಳಗೆ ದಾಸ್ತಾನಾಗಿ ಲಿವರ್, ಗುಲ್ಮ, ಮೂಳೆಯ ಮಜ್ಜೆಯಲ್ಲಿ ಇರುತ್ತದೆ. ರಕ್ತದ ದ್ರವದಲ್ಲಿ ಓಡಾಡುವುದು ಯಾವ ಹೊತ್ತಿಗೆ ನೋಡಿದರೂ ಬರೀ 3 ಮಿ.ಗ್ರಾಂ ಆಸುಪಾಸು.

ಹೊಸ ರಕ್ತಕಣ ಮಾಡುವುದಕ್ಕೆ ದಿನಕ್ಕೆ 20ರಿಂದ 25 ಮಿ.ಗ್ರಾಂ ಕಬ್ಬಿಣ ಬೇಕು. ಇದರಲ್ಲಿ ಹೆಚ್ಚಿನದು ಊಟದಿಂದ ಬರುವುದಿಲ್ಲ. ಒಂದು ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಹಳತಾದ ಮೇಲೆ ಮ್ಯಾಕ್ರೋಫೇಜ್ ಕೋಶಗಳು ಅದನ್ನು ನುಂಗಿ, ಒಳಗಿನ ಕಬ್ಬಿಣ ಬಿಡಿಸಿ, ಮತ್ತೆ ರಕ್ತಕ್ಕೆ ಕೊಡುತ್ತವೆ. ಊಟದಿಂದ ದಿನಕ್ಕೆ ಒಳಗೆ ಬರುವುದು 1ರಿಂದ 2 ಮಿ.ಗ್ರಾಂ ಮಾತ್ರ. ಚರ್ಮದ ಹೊಟ್ಟು, ಕರುಳಿನ ಒಳಪದರದ ಉದುರಿದ ಕೋಶ ಮುಂತಾದವುಗಳ ಜೊತೆ ಹೊರಗೆ ಹೋಗುವುದೂ ಸುಮಾರು ಅಷ್ಟೇ.

ಈ ಹೊರಹೋಗುವಿಕೆಯ ಮೇಲೆ ದೇಹಕ್ಕೆ ಹತೋಟಿಯೇ ಇಲ್ಲ. ಜಾಸ್ತಿ ಉಪ್ಪು ತಿಂದರೆ ಕಿಡ್ನಿ ಹೊರಗೆ ಹಾಕುತ್ತದೆ. ಜಾಸ್ತಿ ಕಬ್ಬಿಣವನ್ನು ಹೊರಗೆ ಹಾಕುವುದಕ್ಕೆ ಅಂಥ ಏರ್ಪಾಡು ಯಾವುದೂ ಇಲ್ಲ. ಬ್ರಿಟನ್ನಿನ ರಾಬರ್ಟ್ ಮ್ಯಾಕ್‌ಕ್ಯಾನ್ಸ್ ಮತ್ತು ಎಲ್ಸಿ ವಿಡೋಸನ್ 1937ರಲ್ಲೇ ಇದನ್ನು ಹೇಳಿದ್ದರು: ಕಬ್ಬಿಣದ ಮಟ್ಟ ನಿಲ್ಲುವುದು ವಿಸರ್ಜನೆಯಿಂದ ಅಲ್ಲ, ಹೀರುವಿಕೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದರಿಂದ. ಅಂದರೆ ಎಲ್ಲ ತೀರ್ಮಾನವೂ ಒಳಬರುವ ಬಾಗಿಲಲ್ಲೇ ಆಗಬೇಕು.

ಇಷ್ಟು ಬಿಗಿ ಯಾಕೆ? ಯಾವ ಪ್ರೋಟೀನಿಗೂ ಅಂಟದೆ ಬಿಡಿಯಾಗಿ ಓಡಾಡುವ ಕಬ್ಬಿಣ ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟಿಸುತ್ತದೆ. ಅದು ಸಿಕ್ಕಿದ ಕೊಬ್ಬು, ಪ್ರೋಟೀನು, ಡಿಎನ್ಎ ಎಲ್ಲವನ್ನೂ ಹಾಳು ಮಾಡುತ್ತದೆ. ಜೊತೆಗೆ ಬಹುತೇಕ ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ಬಿಡಿ ಕಬ್ಬಿಣ ಇದ್ದರೆ ಅವಕ್ಕೆ ಹಬ್ಬ.

ಹೆಜ್ಜೆ 2: ಬಾಗಿಲು ಎಲ್ಲಿದೆ, ಯಾರು ಕಾಯುತ್ತಾರೆ ಅಂತ ತಿಳಿಯಿರಿ

ಕಾಳಿನಲ್ಲಿದ್ದ ಒಂದು ಕಬ್ಬಿಣದ ಅಣುವಿನ ಹಿಂದೆ ಹೋಗೋಣ. ಅದು ಹೊಟ್ಟೆಗೆ ಬರುವಾಗ ಸಾಮಾನ್ಯವಾಗಿ ಫೆರಿಕ್ ರೂಪದಲ್ಲಿ ಇರುತ್ತದೆ. ಈ ರೂಪ ಸುಲಭವಾಗಿ ಕರಗುವುದಿಲ್ಲ. ಹೊಟ್ಟೆಯ ಆಮ್ಲ ಅದನ್ನು ಕರಗಿದ ಸ್ಥಿತಿಯಲ್ಲಿ ಇಡುತ್ತದೆ. ಅಲ್ಲಿಂದ ಸಣ್ಣಕರುಳಿನ ಮೊದಲ ತುಂಡಾದ ಡ್ಯುಯೊಡಿನಮ್‌ಗೆ ಬಂದಾಗ, ಕರುಳಿನ ಕೋಶದ ಮೇಲ್ಮೈಯಲ್ಲಿರುವ ಕಿಣ್ವ ಅದನ್ನು ಫೆರಸ್ ರೂಪಕ್ಕೆ ತಿರುಗಿಸುತ್ತದೆ. ಫೆರಸ್ ಆದರೆ ಮಾತ್ರ ಡಿಎಂಟಿ1 ಎಂಬ ಸಾಗಣೆ ಪ್ರೋಟೀನು ಅದನ್ನು ಕೋಶದ ಒಳಗೆ ಎಳೆದುಕೊಳ್ಳುತ್ತದೆ. ಮಾಂಸದಲ್ಲಿರುವ ಹೀಮ್ (ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವನ್ನು ಹಿಡಿದಿಡುವ ಭಾಗ) ಕಬ್ಬಿಣಕ್ಕೆ ಈ ತಾಪತ್ರಯ ಇಲ್ಲ. ಅದು ಹೀಮ್ ಸಮೇತ ಒಳಗೆ ಹೋಗಿ, ಆಮೇಲೆ ಬಿಡುಗಡೆ ಆಗುತ್ತದೆ.

ಕೋಶದೊಳಗೆ ಹೋಯಿತು ಅಂದರೆ ದೇಹಕ್ಕೆ ಸೇರಿತು ಅಂತಲ್ಲ. ಇಲ್ಲಿ ಎರಡು ದಾರಿ. ಒಂದು, ಕೋಶದ ಹಿಂಬದಿಯಲ್ಲಿರುವ ಫೆರೊಪೋರ್ಟಿನ್ ಎಂಬ ದ್ವಾರದಿಂದ ರಕ್ತಕ್ಕೆ ಹೋಗುವುದು. ಹೊರಗೆ ಬರುತ್ತಿದ್ದಂತೆ ಹೆಫೆಸ್ಟಿನ್ ಎಂಬ ಕಿಣ್ವ ಅದನ್ನು ಮತ್ತೆ ಫೆರಿಕ್ ಮಾಡುತ್ತದೆ, ರಕ್ತದಲ್ಲಿರುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಹೊತ್ತುಕೊಂಡು ಹೋಗುತ್ತದೆ. ಇನ್ನೊಂದು, ಫೆರಿಟಿನ್ ಒಳಗೆ ಸಿಕ್ಕಿಕೊಂಡು ಅಲ್ಲೇ ಉಳಿಯುವುದು. ಕರುಳಿನ ಈ ಕೋಶಗಳ ಆಯಸ್ಸು ಕೆಲವೇ ದಿನ. ಉದುರಿದಾಗ ಒಳಗಿನ ಕಬ್ಬಿಣವೂ ಮಲದ ಜೊತೆ ಹೋಯಿತು. ನೀವು ತಿಂದದ್ದು ನಿಜ, ಕೋಶಕ್ಕೆ ಹೋದದ್ದೂ ನಿಜ, ರಕ್ತಕ್ಕೆ ಮಾತ್ರ ಬರಲಿಲ್ಲ.

ಯಾವ ದಾರಿ ಅಂತ ನಿರ್ಧರಿಸುವ ಕಾವಲುಗಾರ ಹೆಪ್ಸಿಡಿನ್. ಲಿವರ್ ತಯಾರಿಸುವ, ಬರೀ 25 ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನು. ಇದು ಪತ್ತೆಯಾಗಿದ್ದು 2000ದ ಸುಮಾರಿಗೆ. ಇದು ಫೆರೊಪೋರ್ಟಿನ್‌ಗೆ ಅಂಟಿಕೊಂಡು ಆ ದ್ವಾರವನ್ನೇ ಕೋಶದೊಳಗೆ ಎಳೆಸಿ ನಾಶ ಮಾಡಿಸುತ್ತದೆ ಅಂತ 2004ರಲ್ಲಿ ಗೊತ್ತಾಯಿತು. ಹೆಪ್ಸಿಡಿನ್ ಏರಿದರೆ ಕರುಳಿನ ಬಾಗಿಲೂ ಮುಚ್ಚುತ್ತದೆ, ಮ್ಯಾಕ್ರೋಫೇಜ್‌ಗಳ ಬಾಗಿಲೂ ಮುಚ್ಚುತ್ತದೆ. ಇಳಿದರೆ ಎರಡೂ ತೆರೆಯುತ್ತವೆ.

ಅದನ್ನು ಏರಿಸುವುದು ಎರಡು: ದಾಸ್ತಾನು ತುಂಬಿರುವುದು, ಮತ್ತು ಸೋಂಕು ಅಥವಾ ಉರಿಯೂತ. ಇಳಿಸುವುದು ಕಬ್ಬಿಣದ ಕೊರತೆ, ಆಮ್ಲಜನಕದ ಅಭಾವ, ಮತ್ತು ಮಜ್ಜೆಯಲ್ಲಿ ರಕ್ತ ತಯಾರಿಕೆ ಜೋರಾಗಿ ನಡೆಯುವುದು. ಮಜ್ಜೆಯ ಎಳೆಯ ರಕ್ತಕಣಗಳು ಎರಿಥ್ರೋಫೆರೋನ್ ಎಂಬ ಹಾರ್ಮೋನು ಬಿಟ್ಟು "ನಮಗೆ ಬೇಕು" ಅಂತ ಲಿವರ್‌ಗೆ ತಿಳಿಸುತ್ತವೆ. ಈ ಪ್ಯಾರಾ ಒಂದು ನೆನಪಿದ್ದರೆ ಸಾಕು, ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹೆಜ್ಜೆ 3: ಬರೀ ಹಿಮೋಗ್ಲೋಬಿನ್ ನೋಡಿ ನಿರ್ಧರಿಸಬೇಡಿ

ದಾಸ್ತಾನು ಬರಿದಾದ ಎಷ್ಟೋ ಕಾಲದ ಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ. ಆದ್ದರಿಂದ ಫೆರಿಟಿನ್ ಪರೀಕ್ಷೆ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ, ಬೇರೆ ಕಾಯಿಲೆ ಇಲ್ಲದ ವಯಸ್ಕರಲ್ಲಿ ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆ. ಬಹಳ ವೈದ್ಯರು 30ರ ಕೆಳಗೇ ಎಚ್ಚರ ವಹಿಸುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ಟ್ರಾನ್ಸ್‌ಫೆರಿನ್‌ನಲ್ಲಿ ಎಷ್ಟು ಪಾಲು ಕಬ್ಬಿಣದಿಂದ ತುಂಬಿದೆ ಅನ್ನುವ ಪರೀಕ್ಷೆಯೂ ಇರಲಿ. ಅದು 20%ಗಿಂತ ಕಡಿಮೆ ಇದ್ದರೆ ಮಜ್ಜೆಗೆ ಸಾಕಷ್ಟು ಕಬ್ಬಿಣ ತಲುಪುತ್ತಿಲ್ಲ ಅಂತ ಅನುಮಾನಿಸಬೇಕು.

ಒಂದು ರಿಪೋರ್ಟ್ ಹೀಗಿದೆ ಅಂದುಕೊಳ್ಳಿ: ಹಿಮೋಗ್ಲೋಬಿನ್ 10.8, ಫೆರಿಟಿನ್ 60, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ 11%, ಸಿಆರ್‌ಪಿ (ಉರಿಯೂತ ಇದ್ದಾಗ ಏರುವ ಪ್ರೋಟೀನು) 40. ಫೆರಿಟಿನ್ ಮುಂದೆ ಲ್ಯಾಬಿನವರು ಗುರುತು ಹಾಕಿರುವುದಿಲ್ಲ. ಅವರ ಲೆಕ್ಕಕ್ಕೆ 60 ನಾರ್ಮಲ್. ಆದರೆ ಸಿಆರ್‌ಪಿ ನೋಡಿ. ಅದು ಅಷ್ಟು ಏರಿದೆ ಅಂದರೆ ಎಲ್ಲೋ ಉರಿಯೂತ ಇದೆ. ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ, ದಾಸ್ತಾನು ಇಲ್ಲದಿದ್ದರೂ. ಅದಕ್ಕೇ ಇಂಥ ಸಂದರ್ಭದಲ್ಲಿ ಅದೇ ಮಾರ್ಗಸೂಚಿ ವಯಸ್ಕರಿಗೆ 70ರ ಗಡಿ ಹಾಕಿದೆ. ಈ ಲೆಕ್ಕದಲ್ಲಿ 60 ಕಡಿಮೆಯೇ. ಸ್ಯಾಚುರೇಶನ್ ಕೂಡ ಅದನ್ನೇ ಹೇಳುತ್ತಿದೆ. ಇವರಿಗೆ ಕೊರತೆಯೂ ಇದೆ, ಉರಿಯೂತವೂ ಇದೆ. ಹೆಪ್ಸಿಡಿನ್ ಮೇಲಿರುವುದರಿಂದ ಬಾಯಿಂದ ಕೊಟ್ಟ ಮಾತ್ರೆ ಸರಿಯಾಗಿ ಒಳಗೆ ಹೋಗದು. ಮೊದಲು ಉರಿಯೂತದ ಮೂಲ ಹುಡುಕಬೇಕು. ಕೆಲವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡಬೇಕಾಗುತ್ತದೆ.

ಇನ್ನೊಂದು ಗೊಂದಲ: ರಕ್ತಕಣಗಳು ಚಿಕ್ಕದಾಗಿವೆ, ಅಂದರೆ ಎಂಸಿವಿ ಕಡಿಮೆ, ಆದರೆ ಫೆರಿಟಿನ್ ಚೆನ್ನಾಗಿದೆ, ಉರಿಯೂತವೂ ಇಲ್ಲ. ಆಗ ಥಲಸ್ಸೀಮಿಯಾ ಟ್ರೇಟ್, ಅಂದರೆ ಹಿಮೋಗ್ಲೋಬಿನ್ ತಯಾರಿಸುವ ಜೀನಿನಲ್ಲಿ ಸಣ್ಣ ದೋಷ, ಇದೆಯಾ ಅಂತ ವೈದ್ಯರನ್ನು ಕೇಳಿ. ಅದು ಹುಟ್ಟಿನಿಂದ ಬಂದದ್ದು, ಕಬ್ಬಿಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಂಥವರು ವರ್ಷಗಟ್ಟಲೆ ಸುಮ್ನೆ ಕಬ್ಬಿಣ ನುಂಗಿದರೆ ಉಪಯೋಗವಿಲ್ಲ.

ಹೆಜ್ಜೆ 4: ಸೋರಿಕೆ ಹುಡುಕಿ

ಒಂದು ಮಿಲಿ ಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿ.ಗ್ರಾಂ ಕಬ್ಬಿಣ ಹೋದಂತೆ. ಕರುಳಿನಲ್ಲಿ ದಿನಕ್ಕೆ 5 ಮಿಲಿ ಲೀಟರ್, ಅಂದರೆ ಒಂದು ಚಮಚ, ಕಣ್ಣಿಗೆ ಕಾಣದಂತೆ ಸೋರುತ್ತಿದ್ದರೆ ಎರಡೂವರೆ ಮಿ.ಗ್ರಾಂ ನಷ್ಟ. ಒಳಗೆ ಬರುವುದೇ ಒಂದೆರಡು ಮಿ.ಗ್ರಾಂ, ಅಲ್ವಾ? ಯಾವ ಊಟದಿಂದಲೂ ಇದನ್ನು ತುಂಬಿಸುವುದು ಕಷ್ಟ.

ಹೆಂಗಸರಲ್ಲಿ ಸಾಮಾನ್ಯ ಕಾರಣ ಮುಟ್ಟಿನ ಜಾಸ್ತಿ ಸ್ರಾವ. "ನನಗೆ ಯಾವಾಗಲೂ ಹೀಗೇ" ಅಂತ ಎಷ್ಟೋ ಜನ ಇದನ್ನು ಹೇಳುವುದೇ ಇಲ್ಲ. ಗಂಟೆಗೊಂದು ಪ್ಯಾಡ್ ಬದಲಿಸಬೇಕಾದರೆ, ಗಡ್ಡೆ ಗಡ್ಡೆ ಹೋಗುತ್ತಿದ್ದರೆ, ವೈದ್ಯರಿಗೆ ಹೇಳಲೇಬೇಕು. ಗರ್ಭಿಣಿಯರಿಗೆ ಒಂಬತ್ತು ತಿಂಗಳಲ್ಲಿ ಒಟ್ಟು ಸುಮಾರು 1 ಗ್ರಾಂ ಕಬ್ಬಿಣ ಹೆಚ್ಚಿಗೆ ಬೇಕಾಗುತ್ತದೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕೊರತೆ ಕಂಡರೆ ಹೊಟ್ಟೆ, ಕರುಳು ಪರೀಕ್ಷೆ ಮಾಡಿಸದೆ ಬಿಡಬೇಡಿ. ಹುಣ್ಣಿನಿಂದ ಹಿಡಿದು ಕ್ಯಾನ್ಸರ್‌ವರೆಗೆ ಏನು ಬೇಕಾದರೂ ಇರಬಹುದು. ಮಾತ್ರೆ ತೆಗೆದುಕೊಂಡು ಹಿಮೋಗ್ಲೋಬಿನ್ ಸರಿಯಾಯಿತು ಅಂತ ಸುಮ್ಮನಾದರೆ ಕಾಯಿಲೆ ಒಳಗೇ ಬೆಳೆಯುತ್ತದೆ. ಸೋರಿಕೆ ಸಿಗದಿದ್ದರೆ ಹೀರುವಿಕೆಯ ತೊಂದರೆ ನೋಡಬೇಕು: ಸೀಲಿಯಾಕ್ ಕಾಯಿಲೆ (ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗುವುದು), ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಹೊಟ್ಟೆಯ ಸೋಂಕು, ಹೊಟ್ಟೆಯ ಶಸ್ತ್ರಚಿಕಿತ್ಸೆ, ಗ್ಯಾಸ್ಟ್ರಿಕ್ ಮಾತ್ರೆಗಳ ದೀರ್ಘ ಬಳಕೆ.

ಹೆಜ್ಜೆ 5: ಊಟದಲ್ಲಿ ಏನನ್ನು ಯಾವುದರ ಜೊತೆ ತಿನ್ನಬೇಕು

ಮಾಂಸ, ಮೀನಿನ ಹೀಮ್ ಕಬ್ಬಿಣದಲ್ಲಿ 15ರಿಂದ 35% ಒಳಗೆ ಸೇರುತ್ತದೆ. ಕಾಳು, ಧಾನ್ಯ, ಸೊಪ್ಪಿನದು 2ರಿಂದ 20%. ಈ ಎರಡನೆಯ ಅಂಕಿ ಎಷ್ಟು ಅಗಲವಾಗಿದೆ ನೋಡಿ. ದೇಹದ ದಾಸ್ತಾನಿನ ಜೊತೆಗೆ, ಜೊತೆಯಲ್ಲಿ ಏನು ತಿಂದಿರಿ ಅನ್ನುವುದರ ಮೇಲೂ ಅದು ನಿಂತಿದೆ. ನಮ್ಮ ಕೈಯಲ್ಲಿರುವುದು ಅದೇ.

ಒಳಗೆ ಹೋಗಲು ನೆರವಾಗುವುದು ಸಿ ವಿಟಮಿನ್. ಫೆರಿಕ್ ಅನ್ನು ಫೆರಸ್ ಮಾಡುವ ಕೆಲಸವನ್ನು ಅದು ಮಾಡಿಕೊಡುತ್ತದೆ, ಕರಗಿದ ಹಾಗೇ ಇಡುತ್ತದೆ. ನಿಂಬೆ, ಕಿತ್ತಳೆ, ಸೀಬೆ, ಟೊಮೆಟೊ, ದಪ್ಪಮೆಣಸಿನಕಾಯಿ, ಯಾವುದಾದರೂ ಸರಿ, ಆದರೆ ಅದೇ ಊಟದ ಜೊತೆ ಇರಬೇಕು. ಬೆಳಿಗ್ಗೆ ಕಿತ್ತಳೆ ತಿಂದು ರಾತ್ರಿ ಕಾಳು ತಿಂದರೆ ಲಾಭವಿಲ್ಲ. ಸಿ ವಿಟಮಿನ್ ಬಿಸಿಗೆ ಹಾಳಾಗುತ್ತದೆ, ಹಾಗಾಗಿ ನಿಂಬೆರಸ ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಸ್ವಲ್ಪ ಮಾಂಸ, ಮೀನು ಜೊತೆಗಿದ್ದರೂ ಕಾಳಿನ ಕಬ್ಬಿಣ ಚೆನ್ನಾಗಿ ಸೇರುತ್ತದೆ.

ತಡೆಯುವುದರಲ್ಲಿ ಮುಂದಿರುವುದು ಟೀ, ಕಾಫಿ. ಅವುಗಳಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತವೆ. ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಬಿಡುವುದಿಲ್ಲ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದರೂ ಅಂತರ ಇರಲಿ. ಕಾಳು, ಧಾನ್ಯದ ಸಿಪ್ಪೆಯಲ್ಲಿರುವ ಫೈಟೇಟ್ ಇನ್ನೊಂದು ಅಡ್ಡಿ. ನೆನೆಹಾಕುವುದು, ಮೊಳಕೆ ಬರಿಸುವುದು, ಹುದುಗು ಬರಿಸುವುದು, ಮೂರರಿಂದಲೂ ಫೈಟೇಟ್ ಕಡಿಮೆಯಾಗುತ್ತದೆ. ಸತುವಿನ (ಜಿಂಕ್) ಹೀರುವಿಕೆಗೂ ಇದೇ ಉಪಾಯ. ಹಾಲು, ಕ್ಯಾಲ್ಸಿಯಂ ಕೂಡ ಸ್ವಲ್ಪ ತಡೆಯುತ್ತವೆ. ಹಾಲನ್ನೇ ಊಟದಂತೆ ಕುಡಿಯುವ ಚಿಕ್ಕ ಮಕ್ಕಳಲ್ಲಿ ಕೊರತೆ ಕಾಣುವುದಕ್ಕೆ ಇದೂ ಒಂದು ಕಾರಣ. ಪಾಲಕ್ ಸೊಪ್ಪಿಗೆ ಅರ್ಹತೆಗಿಂತ ಹೆಚ್ಚು ಹೆಸರು ಬಂದಿದೆ ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಕಬ್ಬಿಣ ಇದೆ, ಆದರೆ ಅದನ್ನು ಬಿಟ್ಟುಕೊಡದ ಪದಾರ್ಥಗಳೂ ಜೊತೆಗೇ ಇವೆ.

ಹೆಜ್ಜೆ 6: ಮಾತ್ರೆ ತೆಗೆದುಕೊಳ್ಳುವ ಕ್ರಮ

ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ಮೋಸಹೋಗಬೇಡಿ. 200 ಮಿ.ಗ್ರಾಂ ಫೆರಸ್ ಫ್ಯೂಮರೇಟ್ ಅಂದರೆ ಅದರಲ್ಲಿರುವ ನಿಜವಾದ ಕಬ್ಬಿಣ ಸುಮಾರು 65 ಮಿ.ಗ್ರಾಂ. ವೈದ್ಯರು ಲೆಕ್ಕ ಹಾಕುವುದು ಇದನ್ನೇ.

ಎಷ್ಟು ದಿನ ಬೇಕು? ಕೈಯಲ್ಲೇ ಲೆಕ್ಕ ಮಾಡಬಹುದು. ಒಬ್ಬ ಹೆಂಗಸಿನ ಹಿಮೋಗ್ಲೋಬಿನ್ 9 ಇದೆ, 13ಕ್ಕೆ ತರಬೇಕು. ರಕ್ತ ನಾಲ್ಕೂವರೆ ಲೀಟರ್, ಅಂದರೆ 45 ಡೆಸಿ ಲೀಟರ್. ಡೆಸಿ ಲೀಟರಿಗೆ 4 ಗ್ರಾಂನಂತೆ ಒಟ್ಟು 180 ಗ್ರಾಂ ಹಿಮೋಗ್ಲೋಬಿನ್ ಹೊಸದಾಗಿ ಆಗಬೇಕು. ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ 3.4 ಮಿ.ಗ್ರಾಂ ಕಬ್ಬಿಣ. ಅಲ್ಲಿಗೆ ಸುಮಾರು 610 ಮಿ.ಗ್ರಾಂ. ಖಾಲಿಯಾದ ದಾಸ್ತಾನಿಗೆ ಇನ್ನೊಂದು 500 ಸೇರಿಸಿ. ಒಟ್ಟು 1,100 ಮಿ.ಗ್ರಾಂ. ಮಾತ್ರೆಯಿಂದ ದಿನಕ್ಕೆ 10 ಮಿ.ಗ್ರಾಂ ರಕ್ತಕ್ಕೆ ಸೇರಿದರೂ ಮೂರೂವರೆ ತಿಂಗಳು ಬೇಕು. ಒಂದು ತಿಂಗಳಿಗೆ ಸುಸ್ತು ಹೋಯಿತು ಅಂತ ನಿಲ್ಲಿಸಿದವರಿಗೆ ಮತ್ತೆ ಕೊರತೆ ಬರುವುದು ಇದಕ್ಕೇ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿ ಅಂತ ವೈದ್ಯರು ಹೇಳುವುದು ದಾಸ್ತಾನು ತುಂಬಲಿ ಅಂತ.

ದಿನಕ್ಕೆ ಎರಡು ಮೂರು ನುಂಗಿದರೆ ಬೇಗ ಆಗಬಹುದಲ್ಲ? ಇಲ್ಲೇ ಕಾವಲುಗಾರ ಅಡ್ಡ ಬರುವುದು. 60 ಮಿ.ಗ್ರಾಂನಷ್ಟು ಕಬ್ಬಿಣ ಒಮ್ಮೆಗೆ ತೆಗೆದುಕೊಂಡರೆ ಹೆಪ್ಸಿಡಿನ್ ಏರಿ, ಸುಮಾರು 24 ಗಂಟೆ ಮೇಲೆಯೇ ಇರುತ್ತದೆ. ಅಷ್ಟರಲ್ಲಿ ನುಂಗಿದ ಮುಂದಿನ ಮಾತ್ರೆಯಿಂದ ಕಡಿಮೆ ಪಾಲು ಒಳಗೆ ಹೋಗುತ್ತದೆ. ಕಬ್ಬಿಣದ ಕೊರತೆ ಇದ್ದು ರಕ್ತಹೀನತೆ ಇಲ್ಲದ ಯುವತಿಯರ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಾ ತೆಗೆದುಕೊಂಡವರಲ್ಲಿ 16.3% ಹೀರಿಕೆಯಾದರೆ, ದಿನ ಬಿಟ್ಟು ದಿನ ತೆಗೆದುಕೊಂಡವರಲ್ಲಿ 21.8% ಆಯಿತು. ಆದ್ದರಿಂದ ಸಾಧಾರಣ ಕೊರತೆಗೆ ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಒಂದು ಸಾಕಾ ಅಂತ ವೈದ್ಯರನ್ನು ಕೇಳಿ. ಹೊಟ್ಟೆಗೂ ಹಿತ. ತೀವ್ರ ರಕ್ತಹೀನತೆ, ಗರ್ಭಾವಸ್ಥೆಯಲ್ಲಿ ಮಾತ್ರ ಅವರು ಹೇಳಿದ ಪ್ರಮಾಣವನ್ನು ನೀವಾಗಿ ಬದಲಿಸಬೇಡಿ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆ ತೆಗೆದುಕೊಂಡರೆ ಒಳ್ಳೆಯದು. ಬೆಳಿಗ್ಗೆಯಿಂದ ಹೊತ್ತು ಕಳೆದಂತೆ ಹೆಪ್ಸಿಡಿನ್ ಏರುತ್ತದೆ. ಹೊಟ್ಟೆ ತೊಳಸಿದರೆ ಸ್ವಲ್ಪ ತಿಂಡಿಯ ಜೊತೆ ತೆಗೆದುಕೊಳ್ಳಿ, ಪೂರ್ತಿ ಬಿಡುವುದಕ್ಕಿಂತ ವಾಸಿ. ಮಾತ್ರೆಯ ಜೊತೆಗೆ ಸಿ ವಿಟಮಿನ್ ಮಾತ್ರೆಯೂ ಬೇಕೇ ಬೇಕು ಅಂತೇನಿಲ್ಲ. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅದರಿಂದ ಹಿಮೋಗ್ಲೋಬಿನ್ ಏರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಥೈರಾಯ್ಡ್ ಮಾತ್ರೆಗೂ ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಕೆಲವು ಆಂಟಿಬಯೋಟಿಕ್‌ಗಳಿಗೂ ಅಂತರ ಬೇಕು, ಔಷಧಿ ಅಂಗಡಿಯಲ್ಲಿ ಕೇಳಿ. ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿ ಕೆಟ್ಟ ವಾಸನೆ ಬಂದರೆ ರಕ್ತಸ್ರಾವ ಇರಬಹುದು, ತಕ್ಷಣ ತೋರಿಸಿ.

ಮೂರು ನಾಲ್ಕು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 1ರಿಂದ 2 ಗ್ರಾಂ ಏರಿರಬೇಕು. ಏರದಿದ್ದರೆ ಪ್ರಮಾಣ ಹೆಚ್ಚಿಸುವುದಲ್ಲ, 3 ಮತ್ತು 4ನೇ ಹೆಜ್ಜೆಗೆ ವಾಪಸ್ ಹೋಗಬೇಕು.

ಮಾತ್ರೆ ಮಕ್ಕಳ ಕೈಗೆ ಸಿಗದಂತೆ ಇಡಿ. ಮಿಠಾಯಿ ಅಂದುಕೊಂಡು ಮಗು ಒಂದಷ್ಟು ನುಂಗಿದರೆ ಪ್ರಾಣಕ್ಕೇ ಅಪಾಯ. ಲಕ್ಷಣ ಬರಲಿ ಅಂತ ಕಾಯದೆ ಆಸ್ಪತ್ರೆಗೆ ಓಡಿ. ನಡುವೆ ಕೆಲವು ಗಂಟೆ ಮಗು ಸುಧಾರಿಸಿದಂತೆ ಕಾಣಬಹುದು, ನಂಬಬೇಡಿ.

ಹೆಜ್ಜೆ 7: ಉಳಿದ ಲೋಹಗಳನ್ನೂ ಗಮನದಲ್ಲಿಡಿ

ತಾಮ್ರ ಇಲ್ಲದೆ ಕಬ್ಬಿಣ ಓಡಾಡುವುದಿಲ್ಲ. ಮೇಲೆ ಹೇಳಿದ ಹೆಫೆಸ್ಟಿನ್ ತಾಮ್ರ ಇಟ್ಟುಕೊಂಡೇ ಕೆಲಸ ಮಾಡುವ ಕಿಣ್ವ. ರಕ್ತದಲ್ಲಿರುವ ಸೆರುಲೋಪ್ಲಾಸ್ಮಿನ್ ಕೂಡ ಹಾಗೆಯೇ. ದೇಹದಲ್ಲಿ ಇರುವ ಒಟ್ಟು ತಾಮ್ರ ಸುಮಾರು 100 ಮಿ.ಗ್ರಾಂ ಮಾತ್ರ. ಅದು ಕಡಿಮೆಯಾದರೆ ಕಬ್ಬಿಣ ಇದ್ದೂ ರಕ್ತಹೀನತೆ ಬರಬಹುದು.

ತಾಮ್ರ ಕಡಿಮೆಯಾಗುವುದಕ್ಕೆ ಒಂದು ಕಾರಣ ಸತುವಿನ ಮಾತ್ರೆ. ರೋಗನಿರೋಧಕ ಶಕ್ತಿಗೆ ಅಂತ, ಕೂದಲಿಗೆ ಅಂತ ಜನ ತಿಂಗಳುಗಟ್ಟಲೆ ಸತು ನುಂಗುತ್ತಾರೆ. ಸತು ಜಾಸ್ತಿಯಾದಾಗ ಕರುಳಿನ ಕೋಶಗಳು ಮೆಟಲೋಥಯೋನೀನ್ ಎಂಬ ಪ್ರೋಟೀನನ್ನು ಹೆಚ್ಚು ಮಾಡುತ್ತವೆ. ಅದಕ್ಕೆ ಸತುವಿಗಿಂತ ತಾಮ್ರದ ಮೇಲೆ ಒಲವು ಹೆಚ್ಚು. ತಾಮ್ರವನ್ನು ಬಿಗಿಯಾಗಿ ಹಿಡಿದುಕೊಂಡು, ಕೋಶ ಉದುರಿದಾಗ ಅದರ ಜೊತೆಯೇ ಹೋಗುತ್ತದೆ. ತಿಂಗಳುಗಳ ಮೇಲೆ ರಕ್ತಹೀನತೆ, ಬಿಳಿ ರಕ್ತಕಣಗಳ ಇಳಿಕೆ, ಕಾಲು ಜೋಮು, ನಡಿಗೆಯಲ್ಲಿ ತೂರಾಟ. ಕಬ್ಬಿಣ ಕೊಟ್ಟರೆ ಏನೂ ಆಗುವುದಿಲ್ಲ. ಇದೇ ಗುಣವನ್ನು ವೈದ್ಯರು ಬೇಕೆಂದೇ ಬಳಸುವುದೂ ಉಂಟು: ತಾಮ್ರ ಹೊರಹಾಕಲು ಆಗದ ವಿಲ್ಸನ್ ಕಾಯಿಲೆಗೆ ಸತು ಒಂದು ಔಷಧಿ. ವಯಸ್ಕರಿಗೆ ದಿನಕ್ಕೆ ಬೇಕಾಗುವ ಸತು 8ರಿಂದ 11 ಮಿ.ಗ್ರಾಂ. ಅಮೆರಿಕದ ಮಾರ್ಗಸೂಚಿ ಹಾಕಿರುವ ಮೇಲಿನ ಮಿತಿ 40. ಡಬ್ಬಿಯ ಮೇಲೆ 50 ಅಂತ ಇದ್ದರೆ ವೈದ್ಯರು ಹೇಳದೆ ಮುಂದುವರಿಸಬೇಡಿ.

ಮ್ಯಾಂಗನೀಸ್ ಹೊರಹೋಗುವುದು ಪಿತ್ತರಸದ ಮೂಲಕ. ಲಿವರ್ ಕೆಟ್ಟವರಲ್ಲಿ ಮಿದುಳಿನಲ್ಲಿ ಸೇರಿಕೊಳ್ಳಬಹುದು. ಕೋಬಾಲ್ಟ್ ನಮಗೆ ಬೇಕಿರುವುದು ಬಿ12 ವಿಟಮಿನ್ ರೂಪದಲ್ಲಷ್ಟೇ.

ಸೀಸ, ಕ್ಯಾಡ್ಮಿಯಂ ಬಗ್ಗೆ ಒಂದು ಮಾತು. ಕಬ್ಬಿಣ ಕಡಿಮೆಯಾದಾಗ ಕರುಳು ಡಿಎಂಟಿ1 ಸಂಖ್ಯೆ ಹೆಚ್ಚಿಸುತ್ತದೆ. ಆ ದಾರಿ ಕಬ್ಬಿಣಕ್ಕಷ್ಟೇ ಮೀಸಲಲ್ಲ, ಬೇರೆ ಲೋಹಗಳೂ ನುಗ್ಗುತ್ತವೆ. ಹಳೆ ಬಣ್ಣ, ಬ್ಯಾಟರಿ ಕೆಲಸ, ಸೀಸದ ಧೂಳು ಇರುವ ಕಡೆ ಬೆಳೆಯುವ ಮಗುವಿಗೆ ಕಬ್ಬಿಣದ ಕೊರತೆಯೂ ಇದ್ದರೆ ವಿಷ ಇನ್ನಷ್ಟು ಸೇರುತ್ತದೆ. ಅಂಥ ಮಗುವಿಗೆ ಎರಡೂ ಪರೀಕ್ಷೆ ಆಗಬೇಕು.

ಹೆಜ್ಜೆ 8: ಜಾಸ್ತಿ ಇದೆಯಾ ಅಂತಲೂ ನೋಡಿ

ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ 45% ದಾಟಿ, ಫೆರಿಟಿನ್ ಕೂಡ ಮೇಲಿದ್ದರೆ ಕಬ್ಬಿಣ ತುಂಬಿಕೊಳ್ಳುತ್ತಿದೆಯಾ ಅಂತ ಪರೀಕ್ಷಿಸಬೇಕು. ಫೆರಿಟಿನ್ ಒಂದೇ ಏರಿದ್ದರೆ ಗಾಬರಿ ಬೇಡ. ಕೊಬ್ಬು ತುಂಬಿದ ಲಿವರ್, ಮದ್ಯ, ಉರಿಯೂತ, ಎಲ್ಲವೂ ಅದನ್ನು ಏರಿಸುತ್ತವೆ. ಆನುವಂಶಿಕ ಹಿಮೋಕ್ರೊಮಟೋಸಿಸ್‌ನಲ್ಲಿ ಹೆಪ್ಸಿಡಿನ್ ಸಾಕಷ್ಟು ತಯಾರಾಗುವುದಿಲ್ಲ. ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ವರ್ಷಗಳಲ್ಲಿ ಲಿವರ್, ಹೃದಯ, ಮೇದೋಜೀರಕ ಗ್ರಂಥಿಯಲ್ಲಿ ಕಬ್ಬಿಣ ಕೂಡುತ್ತದೆ. ಇದಕ್ಕೆ ಕಾರಣವಾದ ಎಚ್‌ಎಫ್‌ಇ ಜೀನ್ ಪತ್ತೆಯಾದದ್ದು 1996ರಲ್ಲಿ. ಥಲಸ್ಸೀಮಿಯಾದ ಕೆಲವು ತೀವ್ರ ರೂಪಗಳಲ್ಲಿ ರಕ್ತ ಪಡೆಯದಿದ್ದರೂ ಕಬ್ಬಿಣ ತುಂಬುತ್ತದೆ. ಮಜ್ಜೆ ಸದಾ "ಬೇಕು" ಅನ್ನುತ್ತಲೇ ಇರುವುದರಿಂದ ಹೆಪ್ಸಿಡಿನ್ ತಗ್ಗಿಬಿಡುತ್ತದೆ.

ಹಿಮೋಕ್ರೊಮಟೋಸಿಸ್‌ಗೆ ಮುಖ್ಯ ಚಿಕಿತ್ಸೆ ರಕ್ತ ತೆಗೆಯುವುದು. ಅರ್ಧ ಲೀಟರ್ ತೆಗೆದರೆ 200ರಿಂದ 250 ಮಿ.ಗ್ರಾಂ ಕಬ್ಬಿಣ ಹೋಗುತ್ತದೆ. ಮೊದಲು ವಾರಕ್ಕೊಮ್ಮೆ, ಫೆರಿಟಿನ್ ಇಳಿದ ಮೇಲೆ ಕೆಲವು ತಿಂಗಳಿಗೊಮ್ಮೆ. ಇಂಥವರು ಕಬ್ಬಿಣ ಇರುವ ಮಲ್ಟಿವಿಟಮಿನ್, ಸಿ ವಿಟಮಿನ್ ಮಾತ್ರೆ ಎರಡನ್ನೂ ಬಿಡಬೇಕು. ಮನೆಯಲ್ಲಿ ಒಬ್ಬರಿಗೆ ಇದು ಗೊತ್ತಾದರೆ ಅಣ್ಣತಮ್ಮ, ಅಕ್ಕತಂಗಿಯರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಲಿವರ್ ಹಾಳಾಗುವ ಮೊದಲೇ ಶುರು ಮಾಡಿದರೆ ಅವರು ಎಲ್ಲರಷ್ಟೇ ಕಾಲ ಬದುಕುತ್ತಾರೆ.